ಅಳಿದುಹೋದ ಅಲೆಗೊಂದು ಸನ್ಮಾನ

ನ್ಯೂಟ್ರಿನೊ ಎಂಬ ಕಣ ಹಾರುತ್ತ ಹಾರುತ್ತಲೇ ತನ್ನ ಬಗೆ ಬದಲಿಸುತ್ತದೆ. ಆ ಬದಲಾವಣೆ ಹಾರುವ ದಿಕ್ಕಿನ ಮೇಲೆ ನಿಂತಿದೆಯೇ ಎಂಬುದು ನನ್ನ ಸಂಶೋಧನೆಯ ಪ್ರಶ್ನೆ. ನಿಂತಿದ್ದರೆ, ಆಕಾಶದಲ್ಲಿ ಎಲ್ಲ ದಿಕ್ಕೂ ಸಮ ಎಂದು ಭೌತಶಾಸ್ತ್ರ ನಂಬಿಕೊಂಡು ಬಂದದ್ದು ಮುರಿಯುತ್ತದೆ. ಭೂಮಿ ತಿರುಗಿದಂತೆ ಕಣಗಳ ದಾರಿಯೂ ನಕ್ಷತ್ರಗಳ ಎದುರು ತಿರುಗುವುದರಿಂದ, ಆಗ ಪ್ರತಿ ಸುತ್ತಿಗೊಮ್ಮೆ ಆ ಕಣಗಳ ಎಣಿಕೆ ಏರಿಳಿಯಬೇಕು. ದೂರದೇಶದ ಪ್ರಯೋಗವೊಂದರ ಅಂಕಿಅಂಶಗಳಲ್ಲಿ ಆ ಏರಿಳಿತವನ್ನು ನಾನು ಕಲಬುರಗಿಯ ಮನೆಯಲ್ಲಿ ಕುಳಿತು ಹುಡುಕುತ್ತಿದ್ದೆ.

ಒಂದು ಬೇಸಿಗೆಯಲ್ಲಿ ಪರದೆಯ ಮೇಲೆ ನಿಜಕ್ಕೂ ಅಲೆಯೊಂದು ಕಂಡಿತು. ನನ್ನ ಮುಖ ನೋಡಿ ನಮ್ಮ ಮನೆಯವರು ಕೇಳಿದರು.

"ಸಿಕ್ತೇನು?"

"ಇನ್ನಾ ಖಾತ್ರಿ ಇಲ್ರಿ. ಯಾರಿಗೂ ಹೇಳಬ್ಯಾಡ್ರಿ."

ಊರಿನ ಕಾಳುಕಡಿಯ ಮಾರುಕಟ್ಟೆಯಾದ ನೆಹರು ಗಂಜಿನಲ್ಲಿ ಅವರದು ತೊಗರಿ ವ್ಯಾಪಾರ. ಸಂಜೆಯೊಳಗೆ ಅರ್ಧ ಗಂಜಿಗೆ ಗೊತ್ತಾಗಿತ್ತು. ವಾರ ಕಳೆಯುವಷ್ಟರಲ್ಲಿ ನನ್ನ ತವರು ಕಮಲಾಪುರಕ್ಕೂ. ಅಲ್ಲಿನ ಶಾಲೆಯವರು ಸನ್ಮಾನವೆಂದು ದಿನವನ್ನೂ ಗೊತ್ತುಮಾಡಿಬಿಟ್ಟರು.

ಅಷ್ಟರಲ್ಲಿ ಅಲೆ ಸಾಯತೊಡಗಿತ್ತು. ಹಗಲಿನ ಬಿಸಿಗೆ ಉಪಕರಣದ ಎಣಿಕೆ ತುಸು ಹೆಚ್ಚುತ್ತಿತ್ತು. ನಕ್ಷತ್ರಗಳ ಎದುರು ಭೂಮಿ ಒಂದು ಸುತ್ತು ತಿರುಗುವ ದಿನ, ಸೂರ್ಯನನ್ನು ನೋಡಿ ಎಣಿಸುವ ನಮ್ಮ ದಿನಕ್ಕಿಂತ ಸ್ವಲ್ಪವೇ ಚಿಕ್ಕದು. ಕೆಲವೇ ತಿಂಗಳ ಅಂಕಿಗಳಿದ್ದರೆ ಒಂದರ ಏರಿಳಿತ ಇನ್ನೊಂದರದ್ದೆಂದೇ ಕಾಣುತ್ತದೆ. ಇಡೀ ವರ್ಷದ ಅಂಕಿಗಳು ಕೈಗೆ ಬಂದಾಗ ಉಳಿದದ್ದು ಚಪ್ಪಟೆ ಗೆರೆ. ಮತ್ತೆ ಮತ್ತೆ ಲೆಕ್ಕ ಹಾಕಿದೆ. ಪ್ರತಿ ಸಲವೂ ಅದೇ ಗೆರೆ. ಒಮ್ಮೆ ಲ್ಯಾಪ್‌ಟಾಪನ್ನು ಎಷ್ಟು ಜೋರಾಗಿ ಮುಚ್ಚಿದೆನೆಂದರೆ ಅಡುಗೆಮನೆಯಿಂದ ಅತ್ತೆ ಓಡಿ ಬಂದರು.

ಸನ್ಮಾನ ಬೇಡವೆಂದು ಶಾಲೆಗೆ ಫೋನ್ ಮಾಡಿದೆ. "ಪೆಂಡಾಲ್ ಹಾಕೇವ್ರಿ ಮೇಡಂ, ಬರ್ರಿ ಸುಮ್ಮ," ಎಂದರು ಮುಖ್ಯೋಪಾಧ್ಯಾಯರು.

ಹೋದೆವು. ಶಾಲು ಹೊದಿಸಿದರು, ಕೆಂಪು ಬಾಳೆಯ ಗೊನೆಯನ್ನೇ ತಂದು ಮುಂದಿಟ್ಟರು. ಮೈಕಿನ ಮುಂದೆ ನಿಂತು, "ನಾನು ಹುಡುಕಿದ್ದು ಸಿಗಲಿಲ್ಲ. ಕಂಡದ್ದು ಬಿಸಿಲಿನ ಆಟ. ದಿಕ್ಕುಗಳೆಲ್ಲ ಸಮವಾಗಿಯೇ ಇವೆ," ಎಂದೆ. ಮುಖ್ಯೋಪಾಧ್ಯಾಯರು ಎದ್ದು ಮೈಕು ತೆಗೆದುಕೊಂಡರು.

"ನೋಡ್ರಿ, ಎಷ್ಟು ವಿನಯ. ಇಷ್ಟು ದೊಡ್ಡ ಶೋಧ ಮಾಡಿ ಏನೂ ಇಲ್ಲ ಅನ್ನಾಕತ್ತಾರ."

ಚಪ್ಪಾಳೆ ನಿಲ್ಲಲೇ ಇಲ್ಲ. ಶಾಲಿನೊಳಗೆ ಬೆವರುತ್ತ, ಹಲ್ಲು ಕಚ್ಚಿ ಕುಳಿತೆ.

ಮರಳುವ ಬಸ್ಸಿನಲ್ಲಿ ಮನೆಯವರ ಮೇಲೆ ಹರಿಹಾಯ್ದೆ. "ಖರೇ ಹೇಳಿದ್ರೂ ನಂಬಲ್ಲಂದ್ರ ನಾ ಏನ ಮಾಡ್ಲಿ?"

"ನಾ ಬಾಯಿ ಮುಚ್ಚಿಕೊಂಡಿರಬೇಕಿತ್ತು," ಎಂದರು ಅವರು. ಅದು ನಿಜವೇ ಆಗಿದ್ದರಿಂದ ಸಿಟ್ಟು ಇನ್ನಷ್ಟು ಏರಿತು.

ಮುಂದೆ ನನ್ನ ಪ್ರಬಂಧ ಅಚ್ಚಾಯಿತು. ದಿಕ್ಕುಗಳ ನಡುವೆ ವ್ಯತ್ಯಾಸವೆಂಬುದು ಇದ್ದರೂ ಇಂತಿಷ್ಟಕ್ಕಿಂತ ಸಣ್ಣದು ಎಂಬುದಷ್ಟೇ ಅದರ ಸಾರ. ಓದಿದವರು ಬೆರಳೆಣಿಕೆಯ ಜನ. ಕಮಲಾಪುರದಲ್ಲಿ ಮಾತ್ರ ನಾನು ಇವತ್ತಿಗೂ ಏನನ್ನೋ ಕಂಡುಹಿಡಿದವಳು.