ಕೆಂಪು ಚುಕ್ಕೆಯ ಶ್ರುತಿ

ಈ ಭೂಮಿಯ ಮೇಲೆ ಕಪ್ಪೆಗೆ ಕೊಡೆ ಕೊಡಿಸಿದವಳು ಒಬ್ಬಳೇ, ಅವಳೇ ಪುಟ್ಟಿ. ಏಳು ವರ್ಷದವಳಿದ್ದಾಗ ರೇಡಿಯೋದಲ್ಲಿ ಒಂದು ಹಾಡು ಹಾಡಿದಳು. ಮಳೆಯಲ್ಲಿ ನೆಂದ ಕಪ್ಪೆಮರಿಯೊಂದು ಅಂಗಡಿಗೆ ಹೋಗಿ ಕೊಡೆ ಕೇಳುತ್ತದೆ, ಅಂಗಡಿಯವನು ನಿನಗೆ ಹಿಡಿದುಕೊಳ್ಳಲು ಬರುತ್ತದೆಯೇ ಅಂತ ಕೇಳುತ್ತಾನೆ, ಅಷ್ಟೇ ಕಥೆ. ಆದರೆ ಕೊನೆಯ ಸಾಲಿನಲ್ಲಿ ಅವಳ ದನಿ ಎಷ್ಟು ಮೇಲಕ್ಕೆ ಹೋಯಿತೆಂದರೆ, ಬೀದಿಬೀದಿಯ ನಾಯಿಗಳು ಒಟ್ಟಿಗೆ ತಲೆ ಎತ್ತಿ ಆಕಾಶ ನೋಡಿದವಂತೆ. ಕನ್ನಡಕದಂಗಡಿಯ ಗಾಜುಗಳೆಲ್ಲ ಪಟಪಟ ಸೀಳಿಹೋದವು ಎನ್ನುವವರೂ ಇದ್ದಾರೆ. ಈ ಸುದ್ದಿ ಹಬ್ಬಿಸಿದವನು ಆ ಅಂಗಡಿಯವನೇ, ಅದರಿಂದ ಅವನ ವ್ಯಾಪಾರವೂ ಚೆನ್ನಾಗಿಯೇ ಕುದುರಿತು.

ಅಂದಿನಿಂದ ಅವಳು ಕೊಡೆ ಪುಟ್ಟಿ. ಈಗ ಮೂವತ್ತು ದಾಟಿದ ಮೇಲೂ ಕೊಡೆ ಪುಟ್ಟಿಯೇ. ಬಸ್ಸಿನಲ್ಲಿ ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ಒಂದು ಸಾಲು ಹಾಡಿ ಎನ್ನುತ್ತಾರೆ. ಹಲ್ಲಿನ ಡಾಕ್ಟರಂತೂ ಅವಳ ಬಾಯಿಯನ್ನು ಅಗಲಿಸಿ, ಒಳಗೆ ಎರಡು ಇಕ್ಕಳ ಇಟ್ಟು, ಈಗ ಹಾಡಿ ಎಂದಿದ್ದರು. ಅವಳು ಹಾಡಿಯೂ ಹಾಡಿದಳು. ಕಪ್ಪೆ ಹಾಡಿದರೆ ಹೇಗಿರುತ್ತದೆಂದು ಆಗ ಗೊತ್ತಾಯಿತು ಅಂತ ಡಾಕ್ಟರು ಇಂದಿಗೂ ಹೇಳಿಕೊಂಡು ತಿರುಗುತ್ತಾರೆ.

ಪುಟ್ಟಿಗೆ ಇದರಿಂದ ಬೇಜಾರಿರಲಿಲ್ಲ. ಆ ಕಪ್ಪೆಮರಿ ಅವಳನ್ನು ಶಾಲೆಗೆ ಕಳಿಸಿತ್ತು, ಎದುರುಮನೆಯ ಟೈಲರಮ್ಮನಿಂದ ಪ್ರತಿ ಕಾರ್ಯಕ್ರಮಕ್ಕೂ ಫ್ರಾಕಿನ ಅಂಚು ಬಿಚ್ಚಿಸಿ ಉದ್ದ ಮಾಡಿಸಿತ್ತು, ಗೊತ್ತಿಲ್ಲದವರ ಮನೆಯಲ್ಲೂ ಕುರ್ಚಿ ಹಾಕಿಸಿತ್ತು. ಇಷ್ಟು ಮಾಡಿದ ಕಪ್ಪೆಯನ್ನು ಯಾರು ಬೈಯುತ್ತಾರೆ? ಅವಳಿಗೆ ಇದ್ದದ್ದು ಒಂದೇ ಆಸೆ. ತಾನೇ ರಾಗ ಹಾಕಿದ ದೊಡ್ಡವರ ಹಾಡುಗಳು ಒಂದು ಡಬ್ಬಿ ತುಂಬ ಇದ್ದವು. ಅವನ್ನು ಜನ ಕೂತು ಕೇಳಬೇಕು.

ಅವಳು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಮಾವನದು ಇಸ್ತ್ರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ತಂತಿಗೆ ನೇತುಹಾಕಿದ ಅಂಗಿಗಳು. ಸಂಜೆ ಇಸ್ತ್ರಿಪೆಟ್ಟಿಗೆ ತಣ್ಣಗಾದ ಮೇಲೆ ಅದೇ ಮೇಜಿನ ಮೇಲೆ ಹಾರ್ಮೋನಿಯಂ ಬಂದು ಕೂರುತ್ತಿತ್ತು. ಪುಟ್ಟಿ ಹಾಡಲು ಕಲಿತದ್ದೇ ಆ ಅಂಗಿಗಳ ಮುಂದೆ. ಒಳ್ಳೆಯ ಶ್ರೋತೃಗಳು, ತಲೆ ಇಲ್ಲ ಅನ್ನುವುದೊಂದು ಬಿಟ್ಟರೆ. ಕೆಮ್ಮುವುದಿಲ್ಲ, ನಡುವೆ ಎದ್ದು ಹೋಗುವುದಿಲ್ಲ.

ಹಾರ್ಮೋನಿಯಂ ಮಾವನಿಗಿಂತ ಹಳೆಯದು. ತಿದಿ ಒತ್ತಿದರೆ ಮೊದಲು ಒಂದು ಸಲ ಕೆಮ್ಮಿ ಆಮೇಲೆ ಹಾಡುತ್ತಿತ್ತು. ಹೊಸದಾಗಿ ಬಂದ ಪಕ್ಕದ ಮನೆಯವರು ಒಳಗೆ ಯಾರೋ ವಯಸ್ಸಾದವರಿದ್ದಾರೆ ಅಂದುಕೊಂಡು ಕೆಮ್ಮಿನ ಔಷಧಿ ಕಳಿಸಿದ್ದರು. ಮಾವ ಅದನ್ನು ಬೇಡವೆನ್ನದೆ ತಾವೇ ಕುಡಿದರು.

ಮಾವನ ಬೆರಳು ಚುರುಕು, ಕಣ್ಣು ಮಂದ. ಹಾರ್ಮೋನಿಯಂನ ಯಾವ ಕೀಯಿಂದ ಶುರು ಮಾಡಿದರೂ ಅವರ ಬೆರಳಿಗೆ ದಾರಿ ಗೊತ್ತು. ಎಲ್ಲಿಂದ ಶುರು ಮಾಡಬೇಕು ಎಂಬುದು ಮಾತ್ರ ಗೊತ್ತಿದ್ದದ್ದು ಒಂದು ಕೆಂಪು ಚುಕ್ಕೆಗೆ. ಪುಟ್ಟಿಯ ಮೊದಲ ಕಾರ್ಯಕ್ರಮದ ದಿನ, ಸ್ಟೇಜಿನ ಬೆಳಕಿನಲ್ಲಿ ಗಂಡ ತಡವರಿಸಬಾರದೆಂದು, ಅತ್ತೆ ತನ್ನ ಉಗುರಿನ ಬಣ್ಣವನ್ನೇ ತೆಗೆದು ಮಗುವಿನ ಶ್ರುತಿಯ ಕೀ ಮೇಲೆ ಒಂದು ಬೊಟ್ಟು ಇಟ್ಟಿದ್ದರು. ಅಲ್ಲಿಂದ ಅದೇ ಪದ್ಧತಿಯಾಯಿತು. ಪ್ರತಿ ಕಾರ್ಯಕ್ರಮದ ಬೆಳಿಗ್ಗೆ ಅತ್ತೆ ಶೀಶೆ ಅಲ್ಲಾಡಿಸಿ, ಮಾಸಿದ ಚುಕ್ಕೆಗೆ ಹೊಸ ಬಣ್ಣ ಹಚ್ಚಿ, ಉಫ್ ಅಂತ ಊದಿ ಒಣಗಿಸುತ್ತಿದ್ದರು. ಸಂಗೀತಕ್ಕೂ ಅತ್ತೆಗೂ ಇದ್ದ ಸಂಬಂಧ ಅಷ್ಟೇ. ಯಾವ ಹಾಡು ಹಾಡಿದರೂ ಮುಗೀತಾ ಎಂದು ಕೇಳುವುದು ಅವರ ವಿಮರ್ಶೆ.

ಪುಟ್ಟಿ ಬೆಳೆದಳು, ಅವಳ ದನಿಯೂ ಬೆಳೆದು ದಪ್ಪವಾಗಿ ಕೆಳಗಿಳಿಯಿತು. ಚುಕ್ಕೆ ಮಾತ್ರ ಅಲ್ಲೇ ಇತ್ತು. ಶ್ರುತಿ ಇಳಿಸೋಣ ಎಂದು ಒಂದೆರಡು ಸಲ ಅವಳು ಮೆಲ್ಲಗೆ ಹೇಳಿ ನೋಡಿದ್ದಳು. ಮಾವ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿ ಅವಳನ್ನು ನೋಡಿದ್ದರು.

"ಪುಟ್ಟೀ, ಜನ ನಿನ್ನ ಗುರುತು ಹಿಡಿಯೋದೇ ಆ ಶ್ರುತಿಯಿಂದ. ಅದನ್ನೂ ಇಳಿಸಿದ್ರೆ ನೀನು ಯಾರು ಅಂತ ನಾನು ಸ್ಟೇಜ್ ಮೇಲೆ ಕೂತು ಹೇಳ್ಬೇಕಾಗುತ್ತೆ."

ಹಾಗೆಂದವರು ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರೇಡಿಯೋ ಕೇಂದ್ರಕ್ಕೆ ಹೊತ್ತೊಯ್ದ ಮಾವ. ಪುಟ್ಟಿ ಮತ್ತೆ ಬಾಯಿ ಬಿಡಲಿಲ್ಲ. ಮೇಲಿನ ಸಾಲು ಬಂದಾಗ ಹಿಮ್ಮಡಿ ಎತ್ತಿ, ಕತ್ತು ಉದ್ದ ಮಾಡಿ, ಎತ್ತರದ ಕಪಾಟಿನಿಂದ ಡಬ್ಬಿ ತೆಗೆಯುವವಳ ಹಾಗೆ ಹಾಡುತ್ತಿದ್ದಳು. ಡಬ್ಬಿ ಒಮ್ಮೊಮ್ಮೆ ಕೈಗೆ ಸಿಗುತ್ತಿತ್ತು, ಒಮ್ಮೊಮ್ಮೆ ತಲೆ ಮೇಲೆ ಬೀಳುತ್ತಿತ್ತು. ಊಟವಾದ ಮೇಲೆ ಪಾತ್ರೆ ತೊಳೆಯುವುದು ಅವಳ ಕೆಲಸ. ಆಗ ಮಾತ್ರ, ನಲ್ಲಿಯ ಸದ್ದಿನ ಮರೆಯಲ್ಲಿ, ಹಾರ್ಮೋನಿಯಂ ಇಲ್ಲದೆ, ಅವಳ ಗಂಟಲು ತನ್ನ ಪಾಡಿಗೆ ಕೆಳಗಿಳಿದು ಹಾಡುತ್ತಿತ್ತು. ಬಾಣಲೆಗಳು ಫಳಫಳ ಹೊಳೆಯುತ್ತಿದ್ದವು, ಒಂದೇ ಬಾಣಲೆಯನ್ನು ಅವಳು ಇಡೀ ಹಾಡಿನಷ್ಟು ಹೊತ್ತು ಉಜ್ಜುತ್ತಿದ್ದಳಲ್ಲ.

ಹೀಗಿರುವಾಗ ಲೈಬ್ರರಿಯ ಮಹಡಿಯ ಮೇಲಿನ ಸಂಗೀತದ ಹಾಲ್‌ನಿಂದ ಕರೆ ಬಂತು. ಹಾಲ್‌ನ ಮ್ಯಾನೇಜರು ಮಾತು ಕಡಿಮೆಯ ಮನುಷ್ಯ. ಒಂದು ಸಂಜೆ ಕೊಡುತ್ತೇನೆ, ನಿಮ್ಮ ಹೊಸ ಹಾಡುಗಳನ್ನೇ ಹಾಡಿ, ಇಂಟರ್ವಲ್ ಆದ ಮೇಲೂ ಜನ ಕೂತಿದ್ದರೆ ಪ್ರತಿ ತಿಂಗಳೂ ಒಂದು ಸಂಜೆ ನಿಮ್ಮದು, ಎದ್ದು ಹೋದರೆ ಮಕ್ಕಳ ಹುಟ್ಟುಹಬ್ಬಗಳಿಗೆ ಕೊಡೆ ಹಾಡು ಹೇಗೂ ಇದ್ದೇ ಇದೆ ಎಂದರು. ಒರಟು ಮಾತು ಅನಿಸಬಹುದು. ಪುಟ್ಟಿಗೆ ಹಾಗನಿಸಲಿಲ್ಲ. ಹೊಸ ಹಾಡು ಹಾಡಿ ಎಂದು ಅವಳನ್ನು ಕೇಳಿದ ಮೊದಲನೆಯ ಮನುಷ್ಯ ಅವರು. ಅವಳು ಎಷ್ಟು ಸಲ ಥ್ಯಾಂಕ್ಸ್ ಹೇಳಿದಳೆಂದರೆ ಅವರು ಗಾಬರಿಯಾಗಿ ಫೋನ್ ಇಟ್ಟರು.

ಅಭ್ಯಾಸದಲ್ಲಿ ಮಾತ್ರ ಡಬ್ಬಿ ದಿನವೂ ತಲೆ ಮೇಲೆ ಬಿತ್ತು. ಮೊದಲ ಹಾಡಿನಲ್ಲೇ ಮೇಲಿನ ಸಾಲಿಗೆ ಹೋದರೆ ದನಿ ಒಡೆಯುತ್ತಿತ್ತು. ಮಾವ ಬಿಸಿನೀರು ಕುಡಿಸಿದರು. ಟೈಲರಮ್ಮ ಕತ್ತಿಗೆ ಸುತ್ತಿಕೊಳ್ಳಲು ಉಣ್ಣೆಯ ಬಟ್ಟೆ ಹೊಲಿದು ಕೊಟ್ಟರು. ಅದನ್ನು ಸುತ್ತಿಕೊಂಡು ಪುಟ್ಟಿ ದಿಂಬಿನ ಹಾಗೆ ಕಾಣುತ್ತಿದ್ದಳೇ ಹೊರತು ದನಿ ಸರಿಹೋಗಲಿಲ್ಲ. ಈ ಒಂದು ಸಂಜೆ ಕೆಟ್ಟರೆ ಇನ್ನೊಂದು ಸಿಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಕಾರ್ಯಕ್ರಮದ ದಿನ ಬೆಳಿಗ್ಗೆ ಅವಳು ಒಳಗೆ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದಳು. ಮುಂದಿನ ಕೋಣೆಯಲ್ಲಿ ಹಾರ್ಮೋನಿಯಂ ಅಲ್ಲೊಂದು ಇಲ್ಲೊಂದು ಸದ್ದು ಮಾಡಿ ಸುಮ್ಮನಾಯಿತು. ಅತ್ತೆ ಧೂಳು ಒರೆಸುತ್ತಿರಬೇಕು ಅಂದುಕೊಂಡಳು. ಆಮೇಲೆ ಶೀಶೆ ಅಲ್ಲಾಡಿಸಿದ ಸದ್ದು, ಉಫ್ ಅಂತ ಊದಿದ ಸದ್ದು. ಮಾವ ಸ್ನಾನ ಮುಗಿಸಿ ಬಂದು ಹಾರ್ಮೋನಿಯಂ ಮುಚ್ಚಿ, ಎರಡು ಬೆಡ್‌ಶೀಟಿನಲ್ಲಿ ಸುತ್ತಿ, ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಹೊರಟರು.

ಹಾಲ್ ಮುಕ್ಕಾಲು ತುಂಬಿತ್ತು. ಹಲ್ಲಿನ ಡಾಕ್ಟರು ಮುಂದಿನ ಸಾಲಿನಲ್ಲೇ ಇದ್ದರು. ಮಡಿಸುವ ಕುರ್ಚಿಗಳು ಕಿರ್ರೆನ್ನುವುದು ನಿಂತಿತು. ಮಾವ ಕೀಗಳ ಮೇಲೆ ಬಗ್ಗಿ ಕೆಂಪು ಚುಕ್ಕೆ ಹುಡುಕಿ, ಬೆರಳಿಟ್ಟು, ತಿದಿ ಒತ್ತಿದರು. ಹಾರ್ಮೋನಿಯಂ ಪದ್ಧತಿಯಂತೆ ಕೆಮ್ಮಿತು. ಆಮೇಲೆ ಬಂದ ಸ್ವರ ಕೆಳಗಿತ್ತು. ಸ್ವಲ್ಪವಲ್ಲ, ಚೆನ್ನಾಗಿಯೇ ಕೆಳಗಿತ್ತು.

ಮಾವನಿಗೂ ಗೊತ್ತಾಯಿತು. ಕಿವಿ ಇದು ತಪ್ಪು ಎಂದಿತು. ಬಗ್ಗಿ ನೋಡಿದರು, ಬೆರಳ ಕೆಳಗೆ ಚುಕ್ಕೆ ಹೊಳೆಯುತ್ತಿತ್ತು. ಕಿವಿ ಬೇಕಾದರೆ ಮೋಸ ಮಾಡಬಹುದು, ಹೆಂಡತಿ ಇಟ್ಟ ಚುಕ್ಕೆ ಎಂದೂ ಮೋಸ ಮಾಡಿರಲಿಲ್ಲ. ಅವರು ತಿದಿ ಒತ್ತುತ್ತಲೇ ಪುಟ್ಟಿಯ ಕಡೆ ಹುಬ್ಬು ಎತ್ತಿದರು. ಏನು ಮಾಡಲಿ ಎಂಬುದು ಆ ಹುಬ್ಬಿನ ಪ್ರಶ್ನೆ. ಅವಳು ಒಂದು ಬೆರಳು ಮೇಲೆತ್ತಿದ್ದರೆ ಸಾಕಿತ್ತು, ಅವರು ಹಳೆಯ ಜಾಗಕ್ಕೆ ಹೋಗಿಬಿಡುತ್ತಿದ್ದರು.

ಪುಟ್ಟಿಗೆ ಆ ಸ್ವರದ ಗುರುತು ಹತ್ತಿತು. ಅದು ಬಾಣಲೆ ಉಜ್ಜುವಾಗಿನ ಸ್ವರ. ಇಷ್ಟು ಜನರ ಮುಂದೆ ಅಡುಗೆಮನೆಯ ದನಿ ತೆಗೆಯುವುದೇ ಅಂದುಕೊಂಡಳು. ಕತ್ತಿನಿಂದ ಉಣ್ಣೆಬಟ್ಟೆ ಬಿಚ್ಚಿ ಪಕ್ಕಕ್ಕಿಟ್ಟಳು. ಮಾವನ ಕಡೆ ನೋಡಿ, ಇರಲಿ ಎಂದು ತಲೆಯಾಡಿಸಿ, ಹಾಡಿದಳು.

ಹಿಮ್ಮಡಿ ನೆಲದ ಮೇಲೇ ಇತ್ತು. ಮೇಲಿನ ಸಾಲು ಬಂತು, ಕೈಗೆ ಎಟುಕುವಲ್ಲೇ ಇತ್ತು, ತೆಗೆದುಕೊಂಡಳು. ಎರಡನೆಯ ಹಾಡಿಗೆ ಮಾವನ ಹುಬ್ಬು ಕೆಳಗಿಳಿಯಿತು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡರು, ಚುಕ್ಕೆಯ ಕಡೆ ನೋಡಲೇ ಇಲ್ಲ. ಹಲ್ಲಿನ ಡಾಕ್ಟರು ತಾವೇ ಬಾಯಿ ತೆರೆದು ಕೂತಿದ್ದರು, ಯಾರಾದರೂ ಇಕ್ಕಳ ಇಡಬಹುದಿತ್ತು. ಇಂಟರ್ವಲ್‌ಗೆ ಹೊರಗೆ ಹೋದವರು ಇನ್ನೊಬ್ಬರನ್ನು ಕರೆದುಕೊಂಡು ಒಳಗೆ ಬಂದರು. ಕೆಳಗೆ ಲೈಬ್ರರಿಯಲ್ಲಿ ಓದುತ್ತಿದ್ದವರೂ ಪುಸ್ತಕದಲ್ಲಿ ಬೆರಳು ಇಟ್ಟುಕೊಂಡೇ ಮೆಟ್ಟಿಲು ಹತ್ತಿದರು. ಕುರ್ಚಿ ಸಾಲದೆ ಮ್ಯಾನೇಜರು ತಮ್ಮ ಕುರ್ಚಿಯನ್ನೂ ಕೊಟ್ಟು ಬಾಗಿಲಿಗೆ ಒರಗಿ ನಿಂತರು. ಆ ದಿನ ಆ ಕಟ್ಟಡ ಒಂದು ಕಡೆಗೆ ವಾಲಿತು ಎನ್ನುತ್ತಾರೆ. ಅದನ್ನು ಮಾತ್ರ ನಂಬಬೇಡಿ, ಅದು ಮೊದಲೇ ವಾಲಿತ್ತು.

ಕೊನೆಗೆ ಹಿಂದಿನಿಂದ ಯಾರೋ ಕೊಡೆ ಹಾಡು ಕೇಳಿದರು. ಪುಟ್ಟಿ ನಕ್ಕಳು. ಅದೇ ಕೆಳಗಿನ ಶ್ರುತಿಯಲ್ಲಿ, ನಿದ್ದೆಗೆ ಜಾರುವ ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹಾಡಿದಳು. ಇಷ್ಟು ವರ್ಷ ತನ್ನನ್ನು ಸಾಕಿದ ಕಪ್ಪೆಗೆ ಅವಳು ಹೇಳಬಹುದಾದ ಥ್ಯಾಂಕ್ಸ್ ಅದೊಂದೇ ಆಗಿತ್ತು. ನಾಯಿಗಳು ತಲೆ ಎತ್ತಲಿಲ್ಲ, ಗಾಜೂ ಒಡೆಯಲಿಲ್ಲ. ಮ್ಯಾನೇಜರು ಹತ್ತಿರ ಬಂದು, ಮುಂದಿನ ತಿಂಗಳು ಯಾವ ದಿನ ಎಂದಷ್ಟೇ ಕೇಳಿದರು.

ಮನೆಗೆ ಬಂದು ಹಾರ್ಮೋನಿಯಂ ಮೇಜಿನ ಮೇಲೆ ಇಳಿಸಿದ ಮೇಲೆ ಮಾವ ದೀಪ ಹತ್ತಿರ ತಂದು ಬಗ್ಗಿ ಕೀಗಳನ್ನು ನೋಡಿದರು. ಹಳೆಯ ಚುಕ್ಕೆ ಇದ್ದಲ್ಲಿ ಕೆರೆದು ಒರೆಸಿದ ಗುರುತಿತ್ತು.

"ಏನೇ ಇದು? ನನ್ನನ್ನ ಒಂದು ಮಾತು ಕೇಳಬಾರದಾಗಿತ್ತಾ?"

"ಕೇಳಿದ್ರೆ ನೀವು ಬೇಡ ಅಂತಿದ್ರಿ," ಎಂದರು ಅತ್ತೆ. "ಆಮೇಲೂ ನಾನು ಹಚ್ಚಿದ್ರೆ ಗಂಡನ ಮಾತು ಮೀರಿದ ಹಾಗಾಗ್ತಿತ್ತು. ಈಗ ಮಾತೇ ಆಡಿಲ್ವಲ್ಲ, ಮೀರೋದೆಲ್ಲಿ ಬಂತು?"

ಪುಟ್ಟಿ ಅತ್ತೆಯ ಕೈ ಹಿಡಿದುಕೊಂಡಳು. "ಅತ್ತೆ, ಎಲ್ಲಿ ಹಚ್ಚಬೇಕು ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ನನಗೇನು ಗೊತ್ತು ನಿಮ್ಮ ಸಂಗೀತ? ನೀನು ಸ್ಟೇಜ್ ಮೇಲೆ ಹಾಡಿದ್ರೆ ನನ್ನ ಕುತ್ತಿಗೆ ನೋಯುತ್ತೆ. ಪಾತ್ರೆ ತೊಳೀತಾ ಹಾಡಿದ್ರೆ ನೋಯಲ್ಲ. ಬೆಳಿಗ್ಗೆ ನೀನು ತೊಳೀತಿದ್ದೆ, ನಾನು ಇಲ್ಲಿ ಒಂದೊಂದೇ ಒತ್ತಿ ನೋಡ್ದೆ. ಯಾವುದು ನಿನ್ನ ಜೊತೆ ಜಗಳ ಆಡಲಿಲ್ವೋ ಅದಕ್ಕೆ ಹಚ್ಚಿದೆ."

ಮಾವ ಹಾರ್ಮೋನಿಯಂ ಮುಚ್ಚಿದರು. ಆಮೇಲೆ ಎದ್ದು, ಅಷ್ಟು ವರ್ಷದಲ್ಲಿ ಮೊದಲ ಸಲ, ಆ ದಿನದ ಪಾತ್ರೆಗಳನ್ನು ತಾವೇ ತೊಳೆದರು. ಹಾಡಲಿಲ್ಲ ಎನ್ನುವುದೊಂದು ಪುಣ್ಯ.

ಮುಂದಿನ ತಿಂಗಳ ಕಾರ್ಯಕ್ರಮದ ಬೆಳಿಗ್ಗೆ ಮಾವ ಹಾರ್ಮೋನಿಯಂ ತೆರೆದಿಟ್ಟು, ತಾವೇ ಶೀಶೆಯ ಮುಚ್ಚಳ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟರು. ಅತ್ತೆ ಹಚ್ಚಲಿಲ್ಲ. ಬಣ್ಣದ ಕಡ್ಡಿ ಹಿಡಿದುಕೊಂಡು ಅಡುಗೆಮನೆಯ ಕಡೆ ಕೈ ತೋರಿಸಿದರು.

"ಪುಟ್ಟೀ, ಮೊದಲು ನಾಲ್ಕು ಪಾತ್ರೆ ತೊಳಿ ಹೋಗು. ಇವತ್ತು ನಿನ್ನ ದನಿ ಎಲ್ಲಿದೆ ಅಂತ ನೋಡೋಣ."