ಕೊಪ್ಪದಲ್ಲಿ ಬದಲಿಸಿದ ಸೆಲ್ಲು

ಈ ಡಿಜಿಟಲ್ ಕ್ಯಾಮೆರಾಕ್ಕೆ ಸಾವಿರದ ಆರುನೂರು ಕೊಟ್ಟೆ. ರೀಲಿನ ಖರ್ಚಿಲ್ಲ, ಜೇಬಿನಲ್ಲಿ ಹಿಡಿಯುತ್ತದೆ, ತೆಗೆದ ಚಿತ್ರ ಆಗಲೇ ಕಾಣುತ್ತದೆ. ಮೆಮೊರಿ ಕಾರ್ಡು ಬೇಡವೆಂದು ಬೆಲೆಯನ್ನು ಇನ್ನಷ್ಟು ಇಳಿಸಿದ್ದೆ.

ಇವತ್ತು ನರಸಿಂಹರಾಜಪುರದ ಮದುವೆಮನೆಯಲ್ಲಿ, ಬೇಲಿಯ ಜಗಳದಿಂದ ಮಾತು ಬಿಟ್ಟಿದ್ದ ನನ್ನ ಇಬ್ಬರು ಸೋದರಮಾವಂದಿರನ್ನು ಒಂದೇ ಬೆಂಚಿನಲ್ಲಿ ಕೂರಿಸಿ ಫೋಟೋ ತೆಗೆದೆ. ಪುಟ್ಟ ಪರದೆ ನೋಡಲು ಇಬ್ಬರೂ ತಲೆಗೆ ತಲೆ ತಾಗಿಸಿದಾಗ ನನಗೇ ಆಶ್ಚರ್ಯ. ಶೃಂಗೇರಿಯಲ್ಲಿ ಹಾಸಿಗೆ ಹಿಡಿದಿರುವ ಅಮ್ಮ ಕೇಳಿದ್ದು ಈ ಫೋಟೋ ಒಂದನ್ನೇ.

ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಸೆಲ್ ಮುಗಿಯಿತು. ಅಲ್ಲಿನ ಅಂಗಡಿಯಲ್ಲಿ ಚೌಕಾಸಿ ಮಾಡಿ ಹೊಸದು ಹಾಕಿಸಿದರೆ ಒಳಗೆ ಒಂದು ಚಿತ್ರವೂ ಇಲ್ಲ.

"ರೀಲಿನದ್ರಲ್ಲಿ ಸೆಲ್ ಸತ್ರೂ ಫೋಟೋ ಇರ್ತದೆ ಮಾರಾಯ್ರೆ. ಇದೆಂತ ತಂದ್ರಿ!" ಅಂಗಡಿಯವರು ನಕ್ಕರು.

ಕಾಯಿನ್ ಬೂತಿನಿಂದ ದೊಡ್ಡ ಮಾವನಿಗೆ ಫೋನ್ ಮಾಡಿದೆ. "ಮಾವ, ಫೋಟೋ ಅಳಿಸಿ ಹೋಯ್ತು. ಇನ್ನೊಂದ್ಸಲ ಕೂರ್ತೀರಾ?"

"ಕೂತದ್ದೇ ನಿನ್ನಮ್ಮನ ಮುಖ ನೋಡಿ. ಇನ್ನು ಅವನ ಹತ್ರ ಎಂತದೂ ಇಲ್ಲ. ಫೋನ್ ಇಡು."

ಅಗ್ಗದ ಕ್ಯಾಮೆರಾ ಕೊಳ್ಳುವವರೇ, ಕಾರ್ಡು ಬಿಡಬೇಡಿ. ಅದಿಲ್ಲದಿದ್ದರೆ ಸೆಲ್ಲಿನ ಜೊತೆ ಚಿತ್ರವೂ ಹೋಗುತ್ತದೆ. ಮತ್ತೆ ಕೂರದವರ ಫೋಟೋ ಬೇಕಿದ್ದರೆ ಊರಿನ ಸ್ಟುಡಿಯೋದವರನ್ನು ಕರೆಯಿರಿ. ಚೌಕಾಸಿ ಬೇಡ, ಕೇಳಿದಷ್ಟು ಕೊಡಿ.