ಸ್ಟೇಜು ಕಟ್ಟಿಸುವ ಅಯ್ಯೂಬಾಕ

ಬಂದರಿನಲ್ಲಿ ನೀರುಳ್ಳಿ ಗೋದಾಮು ಇಟ್ಟುಕೊಂಡಿರುವ ಅಯ್ಯೂಬಾಕನಷ್ಟು ಒಳ್ಳೆಯ ಮನುಷ್ಯರನ್ನು ನಾನು ನೋಡಿಲ್ಲ. ಅಷ್ಟೇ ಹಠಮಾರಿ ಕೂಡ, ಅದನ್ನೂ ಹೇಳಿಯೇ ಬಿಡ್ತೇನೆ. ಕದ್ರಿಯ ಹತ್ತಿರದ ಕಾಲೇಜೊಂದರ ಆಫೀಸಿನಲ್ಲಿ ಸ್ಕಾಲರ್‌ಶಿಪ್ ಸೆಕ್ಷನ್ ನೋಡಿಕೊಂಡು ರಿಟೈರ್ ಆದವಳು ನಾನು, ವಾರಿಜಾಕ್ಷಿ. ಅವರ ಪರಿಚಯ ಆದದ್ದು ಅಲ್ಲಿಯೇ.

ತಾವು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅದೇ ಸಂಕಟಕ್ಕೆ ಗಲ್ಫಿನ ಗೆಳೆಯರಿಂದ ಹಣ ಒಟ್ಟು ಮಾಡಿ ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡ್ತಾರೆ. ಕೊಡುವುದೆಂದರೆ ಸುಮ್ಮನೆ ಕೊಡುವುದಾ? ಹಾಲ್ ಬುಕ್ ಮಾಡಿ, ಸ್ಟೇಜು ಕಟ್ಟಿಸಿ, ಮಕ್ಕಳನ್ನು ಒಬ್ಬೊಬ್ಬರಾಗಿ ಮೈಕಿನಲ್ಲಿ ಕರೆದು, ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ ಹಿಡಿಸಿ ಫೋಟೋ! ಅದು ದುಬೈಯ ವಾಟ್ಸಾಪ್ ಗ್ರೂಪಿಗೂ ಹೋಗಬೇಕು, ಕಾಲೇಜು ಗೇಟಿನ ಎದುರು ಫ್ಲೆಕ್ಸಿಗೂ ಏರಬೇಕು. ಹೀಗೆಯೇ ವಿದ್ಯಾರ್ಥಿವೇತನ ಕೊಡುವ ನಮ್ಮ ಜಾತಿ ಸಂಘದವರೂ ಕಡಿಮೆ ಅಂತ ಅಲ್ಲ ಮಾರಾಯ್ರೆ, ಅಲ್ಲಿ ಶಾಲು, ಹಾರ ಬೇರೆ.

ಅಷ್ಟರಲ್ಲಿ ಸರ್ಕಾರ ಒಂದು ಮಸೂದೆ ತಂದಿತು. ಸರ್ಕಾರದ್ದಾಗಲಿ ಸಂಘದ್ದಾಗಲಿ, ವಿದ್ಯಾರ್ಥಿವೇತನ ನೇರ ವಿದ್ಯಾರ್ಥಿಯ ಖಾತೆಗೆ ಹೋಗಬೇಕು. ಪಡೆದವರ ಹೆಸರು, ಫೋಟೋ ಎಲ್ಲಿಯೂ ಹಾಕಬಾರದು. ಜನರ ಅಭಿಪ್ರಾಯ ಕೇಳಲಿಕ್ಕೆ ಸಮಿತಿಯೊಂದು ಮಂಗಳೂರಿಗೂ ಬರುವುದಿತ್ತು. ಅಯ್ಯೂಬಾಕ ಕೆಂಡವಾದರು.

"ವಾರಿಜಕ್ಕ, ಫೋಟೋ ಇಲ್ಲದಿದ್ರೆ ದುಬೈಯವರು ಎಂತಕ್ಕೆ ಹಣ ಕಳಿಸ್ತಾರೆ? ನನಗೊಂದು ಭಾಷಣ ಬರೆದು ಕೊಡಿ. ಒಂದು ಕೈ ನೋಡಿಯೇ ಬಿಡ್ತೇನೆ."

ಬರೆದು ಕೊಟ್ಟೆ. ಹಣ ಪಡೆದ ಮಕ್ಕಳೇ ಯಾರಾದರೂ ಬಂದು ಮಾತಾಡಿದರೆ ತೂಕ ಬರ್ತದೆ ಅಂತ ಹೇಳಿದ್ದೂ ನಾನೇ. ಅವರಿಗೆ ಹೋದ ವರ್ಷ ಎಲ್ಲರಿಗಿಂತ ಮೊದಲು ಸ್ಟೇಜ್ ಹತ್ತಿದ, ನರ್ಸಿಂಗ್ ಓದುವ ಹುಡುಗಿ ನೆನಪಾದಳು. ವಿಚಾರಿಸಿದರೆ ಕಾಲೇಜು ಬಿಟ್ಟಿದ್ದಾಳಂತೆ. ಇಬ್ಬರೂ ಹುಡುಕಿಕೊಂಡು ಹೋದೆವು. ಬಿಜೈಯ ಬಟ್ಟೆ ಅಂಗಡಿಯೊಂದರಲ್ಲಿ ನೈಟಿ ಮಡಚುತ್ತಿದ್ದಳು.

"ಎಂತಕ್ಕೆ ಬಿಟ್ಟದ್ದು ಮಗಳೇ? ಹಣ ಸಾಲಲಿಲ್ವಾ?"

"ಹಣ ಸಾಕಿತ್ತು ಕಾಕ. ಫ್ಲೆಕ್ಸ್ ಹಾಕಿದ ಮೇಲೆ ಕ್ಲಾಸಿನವರು ನನ್ನನ್ನು 'ಚೆಕ್' ಅಂತ ಕರೀಲಿಕ್ಕೆ ಶುರು ಮಾಡಿದ್ರು. ಕ್ಯಾಂಟೀನಲ್ಲಿ ಒಂದು ಜ್ಯೂಸ್ ತಗೊಂಡ್ರೂ, ಓಹೋ ದುಬೈ ಹಣ ಅಂತ." ಅವಳು ತಲೆ ಎತ್ತಲಿಲ್ಲ. "ಈ ಸಲ ನನ್ನ ತಂಗಿಗೆ ಸಿಕ್ಕಿದೆ. ಸ್ಟೇಜ್ ಹತ್ತಬೇಕಾದ್ರೆ ನಾನು ಓದುವುದೇ ಇಲ್ಲ ಅಂತ ಕೂತಿದ್ದಾಳೆ. ಅವಳನ್ನಾದ್ರೂ ಬಿಟ್ಟುಬಿಡಿ ಕಾಕ."

ಹೊರಗೆ ಬಂದು ಅಯ್ಯೂಬಾಕ ಸ್ಕೂಟರಿಗೆ ಒರಗಿದರು. ಕಣ್ಣು ತುಂಬಿತ್ತು.

"ಅವತ್ತು ಅವಳು ಮುಖ ತಗ್ಗಿಸ್ತಾ ಇದ್ದಳು ವಾರಿಜಕ್ಕ. 'ನಗು ಮಗಳೇ, ನಗು' ಅಂತ ಮತ್ತೆ ಮತ್ತೆ ಹೇಳಿದವ ನಾನು. ಎಂಥ ಪಾಪ ಮಾಡಿದೆ!"

ನನಗೆ ಅಯ್ಯೋ ಅನಿಸಿತು, ಸಿಟ್ಟೂ ಬಂತು. "ಹಾಗಾದ್ರೆ ಫಂಕ್ಷನ್ ನಿಲ್ಲಿಸಿ, ಮುಗೀತಲ್ಲ!" ಅಂದೆ.

"ಈ ವರ್ಷ ನಿಲ್ಲಿಸ್ತೇನೆ. ಮುಂದಿನ ವರ್ಷ ದುಬೈಯವರು ಗಲಾಟೆ ಮಾಡಿದ್ರೆ ನಾನೇ ಪುನಃ ಸ್ಟೇಜು ಕಟ್ಟಿಸ್ತೇನೆ. ನನ್ನ ಬುದ್ಧಿ ನನಗೆ ಗೊತ್ತುಂಟು. ಕಾನೂನೇ ಬೇಕು."

ಆಮೇಲೆ ಸಮಿತಿಯ ಸಭೆಯ ದಿನದವರೆಗೂ ಅವರು ಸರಿಯಾಗಿ ಊಟ ಮಾಡಲಿಲ್ಲ ಅಂತ ಅವರ ಹೆಂಡತಿ ಬೀಫಾತಿಮ್ಮ ಫೋನಿನಲ್ಲಿ ಹೇಳಿದರು.

ಸಭೆಗೆ ನಾನೂ ಹೋಗಿದ್ದೆ. ಸಂಘಸಂಸ್ಥೆಗಳ ಅಧ್ಯಕ್ಷರೆಲ್ಲ, ಅಯ್ಯೂಬಾಕ ಮಸೂದೆಯನ್ನು ಜಾಲಾಡಿಸ್ತಾರೆ ಅಂತ ಚಪ್ಪಾಳೆಗೆ ತಯಾರಾಗಿ ಕೂತಿದ್ದರು. ನಾನು ಬರೆದ ಭಾಷಣ ಅಯ್ಯೂಬಾಕನ ಕಿಸೆಯಲ್ಲೇ ಉಳಿಯಿತು.

"ಫೋಟೋ ಹಾಕಬಾರದು ಅಂತ ಇರುವುದನ್ನು ತೆಗೀಬೇಡಿ ಸರ್. ಒಂದು ಫೋಟೋದಿಂದ ಒಂದು ಹುಡುಗಿ ಓದು ಬಿಟ್ಟಿದ್ದಾಳೆ."

ಹಿಂದೆ ಗುಸುಗುಸು ಶುರುವಾಯಿತು. ಸಮಿತಿಯ ಅಧಿಕಾರಿ ಪೆನ್ನು ತೆಗೆದರು. "ಹುಡುಗಿಯ ಹೆಸರು, ಕಾಲೇಜು ಹೇಳಿ. ದಾಖಲೆಗೆ ಬೇಕು."

"ಅವಳ ಹೆಸರು ಹೇಳುವುದಿಲ್ಲ ಸರ್."

"ಹೆಸರಿಲ್ಲದೆ ಎಂತ ಬರೆಯುವುದು?"

ಅಯ್ಯೂಬಾಕ ಟೊಪ್ಪಿ ಸರಿ ಮಾಡಿಕೊಂಡರು.

"ಫೋಟೋ ತೆಗೆಸಿದವನ ಹೆಸರು ಬರೀರಿ. ಅಯ್ಯೂಬ್, ನೀರುಳ್ಳಿ ವ್ಯಾಪಾರಿ, ಬಂದರ್. ಬೇಕಾದ್ರೆ ನನ್ನದೊಂದು ಫೋಟೋ ತೆಗೆದು ಹಾಕಿ."